ಬಣ್ಣದ ನೀರಿಗೆ ಸೀಗಡಿ ಸಿಪ್ಪೆ

ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರು ಅಲ್ಲಿದ್ದರು, ಅವರೂ ಹಾಗೇ ಕರೆಯುತ್ತಿದ್ದರು. ತಲೆ ಚಿವುಟಿ, ಬೆನ್ನು ಸೀಳಿ, ಕಪ್ಪು ನರ ಎಳೆದು, ಸಿಪ್ಪೆಯನ್ನು ಒಂದು ಕಡೆಗೂ ಮಾಂಸವನ್ನು ಇನ್ನೊಂದು ಕಡೆಗೂ ಎಸೆಯುವುದರಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ. ಬಾಯಿಗಂತೂ ಇರಲೇ ಇಲ್ಲ. ಐಸ್ ಕಡಿಮೆ ಹಾಕಿಸಿದ ದಿನ ಅವಳು ಒಂದೇ ಒಂದು ಮಾತು ಬಿಟ್ಟರೆ ಶೆಡ್ಡಿಗೆ ಶೆಡ್ಡೇ ನಕ್ಕು, ಮೇಸ್ತ್ರಿ ತಾನೇ ಹೋಗಿ ಐಸ್ ಹೊತ್ತುಕೊಂಡು ಬರುತ್ತಿದ್ದ. ಗಂಡನನ್ನು ಬೇಗ ಕಳೆದುಕೊಂಡವಳು, ಮಕ್ಕಳಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವಳಿಗೊಬ್ಬ ತಮ್ಮನಿದ್ದಾನೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ತಮ್ಮ ದೂರದವನೇನಲ್ಲ. ಅವಳ ಮನೆಯ ಹಿತ್ತಲಲ್ಲಿ ಹರಿಯುವ ಕಾಲುವೆಯನ್ನೇ ಹಿಡಿದು ಮೇಲಕ್ಕೆ ನಡೆದರೆ ಅವನ ಬಣ್ಣದ ಮನೆ ಸಿಗುತ್ತದೆ. ನೂಲಿನ ಲಡಿಗಳನ್ನು ಕುದಿಯುವ ತೊಟ್ಟಿಗಳಲ್ಲಿ ಅದ್ದಿ, ಕೋಲಿನಿಂದ ತಿರುವಿ, ಹಿಂಡಿ, ಬಿದಿರ ಗಳುಗಳ ಮೇಲೆ ಒಣಗಿಸುವ ಕೆಲಸ. ತಾಯಿ ತೀರಿಕೊಂಡಾಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದಿದ್ದ ಆ ಹುಡುಗನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಮುಂದೆ ಅವನ ಹೆಂಡತಿ ಹಸುಗೂಸನ್ನು ಬಿಟ್ಟು ಹೋದಾಗ ಆ ಕೂಸೂ ಅವಳ ಮಡಿಲಿಗೇ ಬಂತು. ಪುಟ್ಟದಾಗಿ, ಸದಾ ಚಿಲಿಪಿಲಿಗುಟ್ಟುತ್ತ ಓಡಾಡುತ್ತಿದ್ದ ಆ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ.

ಇಂಥ ಅಕ್ಕ ತಮ್ಮಂದಿರ ನಡುವೆ ಮಾತು ನಿಂತುಹೋದದ್ದು ಬಾತುಕೋಳಿಗಳಿಂದ. ಆಗೆಲ್ಲ ದೊಡ್ಡಕ್ಕ ಕಾಲುವೆಯಲ್ಲಿ ಬಾತುಗಳನ್ನು ಬಿಡುತ್ತಿದ್ದಳು. ಬಣ್ಣದ ಮನೆಗಳು ಹೆಚ್ಚಿದಂತೆಲ್ಲ ಕಾಲುವೆ ಒಂದು ದಿನ ಕೆಂಪಾಗಿ, ಒಂದು ದಿನ ಹಸಿರಾಗಿ ಹರಿಯತೊಡಗಿತು. ಒಂದು ಬೆಳಿಗ್ಗೆ ಬಿಳಿ ಬಾತುಗಳು ನೀರಿನಿಂದ ನೇರಳೆ ಎದೆ ಹೊತ್ತುಕೊಂಡು ಮೇಲೆ ಬಂದವು. ಬೀದಿಯವರು ನೋಡಲು ಬಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಅವು ಒಂದೊಂದಾಗಿ ಕುತ್ತಿಗೆ ಚೆಲ್ಲಿದವು. ನೇರಳೆ ಯಾರ ತೊಟ್ಟಿಯದೆಂದು ಅವಳಿಗೆ ಕೇಳಿ ತಿಳಿಯಬೇಕಾದದ್ದೇನೂ ಇರಲಿಲ್ಲ. ಸತ್ತ ಬಾತೊಂದನ್ನು ಚೀಲದಲ್ಲಿ ಹಾಕಿಕೊಂಡು ತಮ್ಮನ ಮುಂದೆ ಹೋಗಿ ನಿಂತಳು. ಅವನು ಚೀಲದ ಬಾಯಿ ಬಿಡಿಸಿ ನೋಡಿದ, ನಕ್ಕುಬಿಟ್ಟ. ಕೆಟ್ಟ ಮನಸ್ಸಿನಿಂದಲ್ಲ, ನಗು ಬಂತು, ನಕ್ಕ. ಅವಳು ಚೀಲ ಕಟ್ಟಿಕೊಂಡು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ವರ್ಷಗಳೇ ಕಳೆದವು.

ನಡುವೆ ಸಿಕ್ಕಿಕೊಂಡವಳು ಗುಬ್ಬಿ. ಓದಿ, ಊರಿನ ನೀರಿನ ಇಲಾಖೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ರಜೆಯ ದಿನ ಅತ್ತೆಯ ಮನೆಗೆ ಬಂದು, ಉಂಡು, ಹರಟಿ ಹೋಗುತ್ತಿದ್ದಳು. ಆದರೆ ಇಲ್ಲಿ ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ. ಅಲ್ಲಿ ಅತ್ತೆಯ ಸುದ್ದಿ ಎತ್ತುತ್ತಿರಲಿಲ್ಲ ಎನ್ನುವುದನ್ನೂ ದೊಡ್ಡಕ್ಕ ಊಹಿಸಿಕೊಂಡಿದ್ದಳು. ಒಂದು ಹುಡುಗಿ ಮಾತಾಡುವಾಗ ಪ್ರತಿ ವಾಕ್ಯದಲ್ಲೂ ಒಂದು ಗುಂಡಿಯನ್ನು ಸುತ್ತಿಬಳಸಿ ಹೋಗುವುದನ್ನು ನೋಡಿ ಅವಳಿಗೆ ಸಂಕಟವಾಗುತ್ತಿತ್ತು. ಆದರೂ ತಾನಾಗಿ ಕೇಳಲು ನಾಲಿಗೆ ಏಳುತ್ತಿರಲಿಲ್ಲ.

ಒಂದು ರಜೆಯ ದಿನ ಗುಬ್ಬಿ ಕೈಯಲ್ಲಿ ಎರಡು ಖಾಲಿ ಬಕೆಟ್ ಹಿಡಿದುಕೊಂಡು ಶೆಡ್ಡಿಗೇ ಬಂದಳು. ಸೀಗಡಿ ಸಿಪ್ಪೆ ಬೇಕು ಎಂದಳು. ಶೆಡ್ಡಿನ ಹಿಂದೆ ಸಿಪ್ಪೆಯ ಗುಡ್ಡೆಯೇ ಇತ್ತು. ನೊಣ, ನಾಯಿ, ವಾಸನೆ; ಅದನ್ನು ಎಲ್ಲಿ ಸುರಿಯುವುದೆಂದು ಮೇಸ್ತ್ರಿಗೆ ದಿನಾ ತಲೆನೋವು. ಬಕೆಟ್ ಯಾಕೆ, ಲಾರಿ ತಾ ಎಂದ ಅವನು. ದೊಡ್ಡಕ್ಕ ಮಾತ್ರ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಕೇಳಿದಳು.

"ಯಾರಿಗೆ ಇದೆಲ್ಲ?"

ಗುಬ್ಬಿ ಬಕೆಟ್ ಕೆಳಗಿಟ್ಟು, "ಅಪ್ಪನಿಗೆ" ಎಂದಳು.

ಆ ಮನೆಯಲ್ಲಿ ಆ ಪದ ಕೇಳಿಬಂದು ಬಹಳ ದಿನಗಳಾಗಿದ್ದವು. ದೊಡ್ಡಕ್ಕ ಒಲೆಯ ಕಡೆ ತಿರುಗಿ ಟೀಗೆ ನೀರಿಟ್ಟಳು. ಗುಬ್ಬಿ ಅವಳ ಬೆನ್ನಿಗೇ ಎಲ್ಲವನ್ನೂ ಹೇಳಿದಳು. ಬಣ್ಣದ ನೀರನ್ನು ತಿಳಿಯಾಗಿಸಿಯೇ ಬಿಡಬೇಕು, ಇಲ್ಲದಿದ್ದರೆ ಬೀಗ ಹಾಕುತ್ತೇವೆ ಎಂದು ಅವಳ ಇಲಾಖೆಯೇ ಎಲ್ಲ ಬಣ್ಣದ ಮನೆಗಳಿಗೂ ಹೇಳಿತ್ತು. ಅಪ್ಪ ಎಲ್ಲರಂತೆ ಪಟಿಕ, ಸುಣ್ಣ ತಂದು ಸುರಿಯತೊಡಗಿದ್ದ. ನೀರೇನೋ ಅಷ್ಟಿಷ್ಟು ತಿಳಿಯಾಗುತ್ತಿತ್ತು. ಆದರೆ ತಳದಲ್ಲಿ ರಾಡಿ ಕೂರುತ್ತಿತ್ತು, ಲೋಹ ಬೆರೆತ ರಾಡಿ. ಅದನ್ನು ಯಾರೂ ಒಯ್ಯುತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ಬೆಟ್ಟದಂತೆ ಬೆಳೆದು, ಮಳೆ ಬಂದರೆ ಮತ್ತೆ ಕಾಲುವೆಗೇ ಇಳಿಯುತ್ತಿತ್ತು. ಸೀಗಡಿ, ಏಡಿಯ ಚಿಪ್ಪಿನಲ್ಲಿ ಇರುವ ಒಂದು ವಸ್ತು ಪಟಿಕದ ಕೆಲಸವನ್ನೇ ಮಾಡುತ್ತದೆ, ರಾಡಿಯೂ ಕಡಿಮೆ, ನೀರಿಗೆ ಲೋಹವನ್ನೂ ಸೇರಿಸುವುದಿಲ್ಲ, ಕೊನೆಗೆ ತಾನೇ ಮಣ್ಣಲ್ಲಿ ಕರಗಿಹೋಗುತ್ತದೆ. ಲ್ಯಾಬಿನಲ್ಲಿ ಚಿಟಿಕೆಯಷ್ಟು ಮಾಡಿ ನೋಡಿದ್ದಳು. ಇನ್ನು ದೊಡ್ಡದಾಗಿ ಮಾಡಬೇಕು. ಬಣ್ಣದ ಮನೆಯಲ್ಲಿ ಮಾಡಿದರೆ ವಾಸನೆ ನೂಲಿಗೆ ಹತ್ತುತ್ತದೆ.

"ಅದಕ್ಕೆ ನನ್ನ ಹಿತ್ತಲು ಬೇಕಾಯ್ತು. ನಂಗೆ ಹೇಗೂ ವಾಸನೆ ಹತ್ತಿ ಆಗಿದೆ" ಎಂದಳು ದೊಡ್ಡಕ್ಕ.

"ಬೇಡ ಅಂದ್ರೆ ಬೇಡ ಅತ್ತೆ."

"ಬೇಡ ಅಂದ್ನಾ? ಟೀ ಕುಡಿ ಮೊದಲು."

ಹೀಗೆ ಶುರುವಾಯಿತು. ಸಿಪ್ಪೆ ತೊಳೆದು, ಗೋಣಿತಾಟಿನ ಮೇಲೆ ಒಣಗಿಸಿ, ಒರಳಿನಲ್ಲಿ ಕುಟ್ಟಿದರು. ಆಮೇಲೆ ತೆಳು ಆಸಿಡ್ಡಿನಲ್ಲಿ ನೆನೆಹಾಕಿದರು. ಸಿಪ್ಪೆಯೊಳಗಿನ ಸುಣ್ಣವೆಲ್ಲ ಬುರುಬುರು ನೊರೆಯಾಗಿ ಮೇಲೆದ್ದಿತು. ದೊಡ್ಡಕ್ಕ ಬಗ್ಗಿ ಕಿವಿಗೊಟ್ಟು ಆ ಸದ್ದು ಕೇಳಿದಳು. ಆಯುಷ್ಯದಲ್ಲಿ ಅದೆಷ್ಟೋ ಗಾಡಿ ಸಿಪ್ಪೆಯನ್ನು ಬಿಸಾಡಿದ್ದವಳಿಗೆ ಅದು ಹೀಗೆ ಮಾತಾಡುತ್ತದೆಂದು ಗೊತ್ತಿರಲಿಲ್ಲ. ನೊರೆ ನಿಂತ ಮೇಲೆ ಸಿಪ್ಪೆ ಗಡಸುತನ ಬಿಟ್ಟು ಮೆತ್ತಗಾಗಿತ್ತು. ಅದನ್ನು ತೊಳೆದು, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಟ್ಟಿ ಕಾಸ್ಟಿಕ್ ಸೋಡಾ ನೀರಿಗೆ ಹಾಕಿ ದಿನಗಟ್ಟಲೆ ಬಿಡಬೇಕು. ಕೊನೆಗೆ ಮತ್ತೆ ಮತ್ತೆ ತೊಳೆದು ಒಣಗಿಸಿದರೆ ಈರುಳ್ಳಿಯ ಹೊಟ್ಟಿನಂಥ ಬಿಳಿ ಚೂರು ಉಳಿಯುತ್ತದೆ. ಅದನ್ನು ವಿನಿಗರ್‌ನಲ್ಲಿ ಕರಗಿಸಿದರೆ ಮೊಟ್ಟೆಯ ಲೋಳೆಯಂಥ ಅಂಟು. ಬೇಕಾದದ್ದು ಆ ಅಂಟು.

ಡ್ರಮ್ಮಿನ ವಿಷಯದಲ್ಲಿ ಮಾತ್ರ ಗುಬ್ಬಿ ಕಟ್ಟುನಿಟ್ಟು. ಕಾಸ್ಟಿಕ್ ಬಿದ್ದರೆ ಚರ್ಮ ಉಳಿಯುವುದಿಲ್ಲ, ತಾನಿಲ್ಲದಾಗ ಮುಚ್ಚಳ ತೆಗೆಯಲೇಬಾರದು ಎಂದು ಆಣೆ ಹಾಕಿಸಿಕೊಂಡಿದ್ದಳು. ಆ ಕಾಸ್ಟಿಕ್ ಅಪ್ಪನ ಉಗ್ರಾಣದ್ದೇ. ನೂಲು ಕುದಿಸಲು ಅವನು ದಿನಾ ಬಳಸುವ ಮಾಲು. ಅವನಿಗೆ ಹೇಳದೆ ಊಟದ ಡಬ್ಬಿಯಷ್ಟು ದೊಡ್ಡ ಡಬ್ಬಿಗಳಲ್ಲಿ ತುಂಬಿಕೊಂಡು ತರುತ್ತಿದ್ದಳು. ಕೆಲಸ ಮುಗಿದ ಕಾಸ್ಟಿಕ್ಕನ್ನು ಸೋಸಿ ಮತ್ತೆ ಮುಂದಿನ ಸಿಪ್ಪೆಗೆ ಬಳಸುತ್ತಿದ್ದರು, ಚೆಲ್ಲುವ ಪ್ರಶ್ನೆಯೇ ಇರಲಿಲ್ಲ.

ಮೊದಲ ಸಲ ಎಲ್ಲ ಕೆಟ್ಟಿತು. ಸಿಪ್ಪೆ ಕಾಸ್ಟಿಕ್‌ನಲ್ಲಿ ಸರಿಯಾಗಿ ಹದಗೊಳ್ಳದೆ ವಿನಿಗರ್‌ನಲ್ಲಿ ಕರಗಲೇ ಇಲ್ಲ. ಎರಡನೆಯ ಸಲ ಅರ್ಧ ಕರಗಿತು. ಗುಬ್ಬಿ ಮೆಟ್ಟಿಲ ಮೇಲೆ ಕುಳಿತು ಮೊಣಕಾಲಿನ ಮೇಲೆ ತಲೆ ಇಟ್ಟುಕೊಂಡಳು. ಹುಡುಗಿಗೆ ಇದು ಬರೀ ಲ್ಯಾಬಿನ ಹಟವಲ್ಲ ಎನ್ನುವುದು ದೊಡ್ಡಕ್ಕನಿಗೆ ಆವತ್ತು ಹೊಳೆಯಿತು. ಅವಳ ಕೂದಲು ಬಿಚ್ಚಿ, ಸಿಕ್ಕು ಬಿಡಿಸಿ, ಚಿಕ್ಕಂದಿನಲ್ಲಿ ಹಾಕುತ್ತಿದ್ದಂತೆ ಎರಡು ಜಡೆ ಹಾಕಿದಳು. ನಾಳೆ ಲ್ಯಾಬಿಗೆ ಹೀಗೇ ಹೋಗು, ಸಾಹೇಬರು ಬೈಯುವುದಕ್ಕೆ ಹಿಂದೆ ಮುಂದೆ ನೋಡುತ್ತಾರೆ ಎಂದಳು.

ಮೂರನೆಯ ಸಲದ ಸಿಪ್ಪೆ ಡ್ರಮ್ಮಿನಲ್ಲಿತ್ತು. ಆವತ್ತು ಸಂಜೆ ತಿರುವಬೇಕಿತ್ತು. ಲ್ಯಾಬಿನಲ್ಲಿ ಕೆಲಸ ಬಿದ್ದು ಗುಬ್ಬಿ ಬರುವುದು ತಡವಾಯಿತು. ದೊಡ್ಡಕ್ಕ ಒಂದೆರಡು ಸಲ ಡ್ರಮ್ಮಿನ ಸುತ್ತ ಸುಳಿದಳು. ಈ ಸಲವೂ ಕೆಟ್ಟರೆ ಹುಡುಗಿಯ ಮುಖ ನೋಡಲಾಗದು ಎನ್ನಿಸಿತು. ಶೆಡ್ಡಿನ ಹಳೆ ಕೈಗವಸು ಹಾಕಿಕೊಂಡು, ಆಣೆಯನ್ನು ಪಕ್ಕಕ್ಕಿಟ್ಟು, ಮುಚ್ಚಳ ತೆಗೆದು ಕೋಲು ಇಳಿಬಿಟ್ಟಳು. ಕೋಲು ಗಂಟಾಗಿದ್ದ ಸಿಪ್ಪೆಗೆ ತಾಗಿ ಜಾರಿತು. ಒಂದು ತುಂತುರು ಹಾರಿ, ಕೈಗವಸು ಮುಗಿಯುವಲ್ಲಿ, ಮೊಣಕೈಯ ಕೆಳಗೆ ಬಿತ್ತು. ಮೊದಲು ಸಾಬೂನಿನಂತೆ ಜಾರಿಜಾರಿ ಅನ್ನಿಸಿತು, ಅಷ್ಟೆ. ಆಮೇಲೆ ಉರಿ ಹತ್ತಿತು.

ಸುಡುವ ಕಾಸ್ಟಿಕ್‌ಗೆ ಹುಳಿಯೇ ಮದ್ದು ಎಂದುಕೊಂಡು ಅವಳು ವಿನಿಗರ್ ಬಾಟಲಿಗೆ ಕೈ ಹಾಕಿದಳು. ಹಿಂದಿನಿಂದ ಯಾರೋ ಆ ಬಾಟಲಿಯನ್ನು ಕಿತ್ತುಕೊಂಡರು. ಅವಳ ಭುಜ ಹಿಡಿದು, ಹೆಚ್ಚುಕಡಿಮೆ ಎತ್ತಿಕೊಂಡೇ, ಹಿತ್ತಲ ನಲ್ಲಿಯ ಹತ್ತಿರ ಒಯ್ದು, ಕೈಗವಸು ಕಿತ್ತೆಸೆದು, ನಲ್ಲಿಯನ್ನು ಪೂರ್ತಿ ತಿರುಗಿಸಿ ಅವಳ ಕೈಯನ್ನು ಕೆಳಗೆ ಹಿಡಿದರು. ಕೈಯನ್ನು ಹಿಡಿದ ಬೆರಳುಗಳ ಉಗುರು ಕಡುನೀಲಿಯಾಗಿದ್ದವು. ಮುಖ ನೋಡುವ ಮೊದಲೇ ಅವಳಿಗೆ ಗೊತ್ತಾಯಿತು.

"ಹುಳಿ ಹಾಕಬಾರ್ದು, ಇನ್ನೂ ಬಿಸಿಯಾಗಿ ಸುಡುತ್ತೆ" ಎಂದ ತಮ್ಮ. "ನೀರು. ಬರೀ ನೀರು."

ಉಗ್ರಾಣದಲ್ಲಿ ಕಾಸ್ಟಿಕ್ ಇಳಿಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಮಗಳ ಬಟ್ಟೆಯಲ್ಲಿ ಸೀಗಡಿಯ ವಾಸನೆ ಇರುವುದೂ ಗೊತ್ತಾಗಿತ್ತು. ಎರಡನ್ನೂ ಕೂಡಿಸಿಕೊಂಡು ಕೇಳಲೆಂದು ಬಂದವನು, ಗೇಟಿನ ಆಚೆ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದನಂತೆ. ಇದೆಲ್ಲ ಅವಳಿಗೆ ಆಮೇಲೆ ತಿಳಿಯಿತು. ಸದ್ಯಕ್ಕೆ ನೀರು ಸುರಿಯುತ್ತಿತ್ತು. ಅವನು ಕೈ ಬಿಡಲಿಲ್ಲ.

"ಸಾಕು ಬಿಡು, ಉರಿ ಕಮ್ಮಿ ಆಯ್ತು."

"ಕಮ್ಮಿ ಆದ ಹಾಗೆ ಅನ್ನಿಸುತ್ತೆ. ಒಳಗೆ ಇರುತ್ತೆ ಅದು. ನಿಂತ್ಕೋ."

ನಿಂತಳು. ಬೇರೆ ದಾರಿಯಿರಲಿಲ್ಲ. ಇಬ್ಬರ ಕಾಲ ಕೆಳಗೂ ನೀರು ಹರಡಿ ಸೆರಗು, ಪ್ಯಾಂಟು ಎಲ್ಲ ನೆನೆದವು. ಅವನ ಕಿವಿಯ ಪಕ್ಕದ ಕೂದಲು ಪೂರ್ತಿ ಬೆಳ್ಳಗಾಗಿರುವುದನ್ನು ಅವಳು ನೋಡಿದಳು. ಅಷ್ಟು ಹತ್ತಿರದಿಂದ ಅವನನ್ನು ನೋಡಿ ಎಷ್ಟೋ ಕಾಲವಾಗಿತ್ತು. ಸುಮ್ಮನೆ ನಿಲ್ಲುವುದು ಅವನಿಗೂ ಕಷ್ಟವಾಗಿರಬೇಕು. ಮಗಳು ಡಬ್ಬಿ ಡಬ್ಬಿ ಹೊರುವ ಬದಲು ಹೇಳಿದ್ದರೆ ಒಂದು ಡ್ರಮ್ಮನ್ನೇ ಕಳಿಸುತ್ತಿದ್ದೆ ಎಂದು ಗೊಣಗಿದ. ಕೇಳಿದ್ದರೆ ಕಳ್ಳತನ ಹೇಗಾಗುತ್ತಿತ್ತು ಎಂದಳು ಅವಳು. ಅವನು ನಗಲು ಹೋಗಿ ತಡೆದುಕೊಂಡ. ಆ ತಡೆ ಅವಳಿಗೆ ಕಂಡಿತು.

ಸ್ವಲ್ಪ ಹೊತ್ತಿನ ಮೇಲೆ ಅವನು ನೀರನ್ನೇ ನೋಡುತ್ತ ಹೇಳಿದ.

"ಅವತ್ತು ನಾನು ನಗಬಾರದಿತ್ತು ಅಕ್ಕ."

"ನಗು ಬರೋದು ಬಂತು. ಅವು ನೇರಳೆಯಾಗಿ ಮೇಲೆ ಬಂದಾಗ ಮೊದಲು ನಂಗೂ ನಗುನೇ ಬಂದಿದ್ದು." ಅವಳ ದನಿ ಸಣ್ಣದಾಯಿತು. "ನಿನ್ನ ಗೇಟು ದಾಟಿ ಬಂದು ನಿಂತೆ ಕಣೋ. ಹಿಂದೆ ಬರ್ತೀಯ ಅಂತ. ರಸ್ತೆ ತಿರುವಿನಲ್ಲೂ ನಿಂತೆ."

"ನೋಡ್ತಿದ್ದೆ. ಕಿಟಕಿಯಿಂದ."

"ಮತ್ತೆ?"

"ಬಂದ್ರೆ ಬೈತೀಯ ಅಂತ ಹೆದರಿಕೆ."

"ಬೈತಿದ್ದೆ."

"ಗೊತ್ತು" ಎಂದ ಅವನು. "ಬೈಸ್ಕೊಂಡು ಬಿಡಬೇಕಿತ್ತು."

ಗುಬ್ಬಿ ಬಂದಾಗ ಅವರಿಬ್ಬರೂ ಇನ್ನೂ ನಲ್ಲಿಯ ಮುಂದೆಯೇ ಇದ್ದರು. ಅವಳು ಬಾಗಿಲಲ್ಲಿ ಬ್ಯಾಗು ಹಿಡಿದುಕೊಂಡು ನಿಂತವಳು, ಮುಚ್ಚಳ ತೆಗೆದಿದ್ದ ಡ್ರಮ್ಮನ್ನು ನೋಡಿದಳು, ಅತ್ತೆಯ ಕೈ ನೋಡಿದಳು, ಅಪ್ಪನನ್ನು ನೋಡಿದಳು. ಬೈಯಲೆಂದು ಬಾಯಿ ತೆರೆದು ಅತ್ತುಬಿಟ್ಟಳು. ಅಪ್ಪ ಒಂದು ಕೈಯಿಂದ ಅಕ್ಕನ ಕೈ ಹಿಡಿದುಕೊಂಡೇ, ಅಳುವುದು ಆಮೇಲೆ, ಮೊದಲು ಹೋಗಿ ಆಟೋ ಕರಿ ಎಂದ.

ಗಾಯ ಆಳವಾಗಿರಲಿಲ್ಲ. ಅಷ್ಟು ಹೊತ್ತು ನೀರಿನಡಿ ಹಿಡಿದದ್ದರಿಂದಲೇ ಕೈ ಉಳಿಯಿತು ಎಂದು ಡಾಕ್ಟರು ಹೇಳಿ ಪಟ್ಟಿ ಕಟ್ಟಿದರು. ಮರುದಿನವೇ ತಮ್ಮ ಭುಜದವರೆಗೂ ಬರುವ ರಬ್ಬರ್ ಕೈಗವಸು, ಕನ್ನಡಕ, ಎದೆಗೆ ಕಟ್ಟುವ ರಬ್ಬರ್ ಹೊದಿಕೆ ಎಲ್ಲ ತಂದುಹಾಕಿದ. ಅದೆಲ್ಲ ಹಾಕಿಕೊಂಡು ದೊಡ್ಡಕ್ಕ ಕನ್ನಡಿ ನೋಡಿ, ನನ್ನನ್ನು ಸಮುದ್ರದ ತಳಕ್ಕೆ ಕಳಿಸುವ ಉಪಾಯವೇನಾದರೂ ಇದೆಯೇ ಎಂದು ಕೇಳಿದಳು.

ಮೂರನೆಯ ಸಲದ ಸಿಪ್ಪೆ ಕರಗಿತು. ಪೂರ್ತಿ ಕರಗಿತು.

ಪರೀಕ್ಷೆ ಮಾಡಿದ್ದು ಬಣ್ಣದ ಮನೆಯ ಅಂಗಳದಲ್ಲಿ, ಬೆಳಗಿನ ಬಿಸಿಲಿನಲ್ಲಿ. ದೊಡ್ಡಕ್ಕ ಆ ಗೇಟಿನೊಳಗೆ ಕಾಲಿಟ್ಟಾಗ ತಮ್ಮ ಅದನ್ನು ನೋಡದವನಂತೆ ಗಾಜಿನ ಜಾಡಿಗಳನ್ನು ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಆ ದಿನದ ತೊಟ್ಟಿಯ ಕೆಂಪು ನೀರನ್ನು ಒಂದು ಜಾಡಿಗೆ ತುಂಬಿದರು. ಗುಬ್ಬಿ ಅಳತೆ ಮಾಡಿ ಅಂಟನ್ನು ಹನಿಸಿದಳು. ಮೊದಲು ಬಿರುಸಾಗಿ ತಿರುವಿ, ಆಮೇಲೆ ನಿಧಾನಕ್ಕೆ, ತೊಟ್ಟಿಲು ತೂಗುವಷ್ಟು ನಿಧಾನಕ್ಕೆ ತಿರುವಿದಳು. ಬಣ್ಣದ ಕಣಗಳು ಒಂದನ್ನೊಂದು ದೂರ ತಳ್ಳುತ್ತಲೇ ಇರುವುದರಿಂದ ತಳಕ್ಕೆ ಕೂರುವುದಿಲ್ಲ, ಈ ಅಂಟು ಅವನ್ನು ಸೆಳೆದು ಒಂದಕ್ಕೊಂದು ಕಟ್ಟುತ್ತದೆ, ಕಟ್ಟಿದ ಗಂಟು ಭಾರವಾಗಿ ಇಳಿಯುತ್ತದೆ ಎಂದು ವಿವರಿಸಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಂಪು ನೀರಿನಲ್ಲಿ ಹತ್ತಿಯ ಎಳೆಯಂಥ ಚೂರುಗಳು ಕಾಣಿಸಿಕೊಂಡು, ದಪ್ಪಗಾಗಿ, ಒಂದೊಂದೇ ಕೆಳಗಿಳಿಯತೊಡಗಿದವು. ಮೇಲಿನಿಂದ ನೀರು ತಿಳಿಯಾಗುತ್ತ ಬಂತು. ಜಾಡಿಯ ಆಚೆ ನಿಂತಿದ್ದ ತಮ್ಮನ ಅಂಗಿಯ ಗುಂಡಿಗಳು ಅದರೊಳಗಿಂದ ದೊಡ್ಡಕ್ಕನಿಗೆ ಕಾಣಿಸಿದವು.

ಎಷ್ಟೋ ವರ್ಷ ನೀರಿಗೆ ಬಣ್ಣ ಹಾಕುತ್ತಲೇ ಬಂದವನು ನೀರಿನಿಂದ ಬಣ್ಣ ಇಳಿಯುವುದನ್ನು ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದ. ಎದ್ದವನೇ, ಎರಡನೆಯ ಜಾಡಿಯನ್ನು ತಾನೇ ತುಂಬಿ, ಇಷ್ಟು ಹಾಕಿದರೆ ಇಷ್ಟು ತಿಳಿಯಾದರೆ ಅಷ್ಟು ಹಾಕಿದರೆ ಎಷ್ಟಾಗಬೇಡ ಎಂದುಕೊಂಡು, ಮಗಳು ಬೇಡ ಬೇಡ ಎನ್ನುವಷ್ಟರಲ್ಲಿ ಲೋಟದಲ್ಲಿದ್ದ ಅಂಟನ್ನೆಲ್ಲ ಸುರಿದುಬಿಟ್ಟ. ಚೂರುಗಳು ಕಟ್ಟಿದಂತೆ ಮಾಡಿ ಮತ್ತೆ ಒಡೆದುಹೋದವು. ನೀರು ಮೊದಲಿಗಿಂತಲೂ ಕದಡಿಕೊಂಡು ಕುಳಿತಿತು. ಹೆಚ್ಚಾದರೆ ಕಣಗಳು ಮತ್ತೆ ಒಂದನ್ನೊಂದು ತಳ್ಳತೊಡಗುತ್ತವೆ ಎಂದು ಗುಬ್ಬಿ ತಲೆ ಮೇಲೆ ಕೈ ಹೊತ್ತಳು. ತಮ್ಮ ಲೋಟ ಹಿಡಿದುಕೊಂಡು, ಚಿಕ್ಕಂದಿನಲ್ಲಿ ಹಾಲು ಚೆಲ್ಲಿ ನಿಲ್ಲುತ್ತಿದ್ದ ಹಾಗೇ ನಿಂತ. ಅವನ ಆ ಮುಖ ನೋಡಿ ದೊಡ್ಡಕ್ಕನಿಗೆ ನಗು ಒತ್ತರಿಸಿ ಬಂತು. ನಕ್ಕಳು, ಪಟ್ಟಿ ಕಟ್ಟಿದ್ದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕಳು. ಅವನು ಅವಳನ್ನೇ ನೋಡುತ್ತ, ನಗಬಹುದೆಂದು ಖಾತ್ರಿಯಾದ ಮೇಲೆ, ತಾನೂ ನಕ್ಕ.

ಆಮೇಲಿನದು ದುಡಿಮೆಯ ಮಾತು. ಬಣ್ಣದ ಮನೆಯ ಹಿಂದೆ ನೀರು ನಿಲ್ಲಿಸುವ ತೊಟ್ಟಿ ಕಟ್ಟಿದರು. ಕೆಂಪು, ಹಳದಿ, ಹಸಿರು ಎಲ್ಲ ಹೇಳಿದ ಮಾತು ಕೇಳಿದವು. ಉಪ್ಪು ಹೆಚ್ಚು ಬೀಳುವ ಕಡುನೀಲಿಯೊಂದು ಮಾತ್ರ ಹಟ ಬಿಡಲಿಲ್ಲ. ಅಂಟು ಹಾಕಿದ ಮೇಲೂ ಅದರ ನೀರನ್ನು ಇದ್ದಿಲ ಪುಡಿಯ ಹಾಸಿನಲ್ಲಿ ಸೋಸಬೇಕಾಯಿತು, ಆದರೂ ಒಂದು ಚೂರು ನೀಲಿ ಛಾಯೆ ಉಳಿಯುತ್ತಿತ್ತು. ತಳದ ರಾಡಿ ಹಿಂದಿಗಿಂತ ಎಷ್ಟೋ ಕಡಿಮೆ. ಅದನ್ನು ಒಣಗಿಸಿ ಇಟ್ಟಿಗೆ ಭಟ್ಟಿಗೆ ಕಳಿಸಿದರು. ಇಲಾಖೆಯವರು ಬಂದು ನೀರು ತುಂಬಿಕೊಂಡು ಹೋದರು. ಅಪ್ಪನ ನೀರನ್ನು ತಾನೇ ಪರೀಕ್ಷಿಸುವುದು ಸರಿಯಲ್ಲವೆಂದು ಗುಬ್ಬಿ ಆ ದಿನ ರಜೆ ಹಾಕಿದಳು. ಬೀಗ ಬೀಳಲಿಲ್ಲ. ಕಾಲುವೆ ಒಂದೇ ಸಲಕ್ಕೆ ಕನ್ನಡಿಯಾಯಿತು ಎನ್ನುವ ಹಾಗಿಲ್ಲ, ಉಳಿದ ಬಣ್ಣದ ಮನೆಗಳ ನೀರು ಇನ್ನೂ ಬರುತ್ತಿತ್ತು. ಆದರೆ ಆ ಮನೆಯವರೂ ಒಬ್ಬೊಬ್ಬರಾಗಿ ವಿಚಾರಿಸಿಕೊಂಡು ಬರತೊಡಗಿದರು. ತಮ್ಮ ಅವರನ್ನೆಲ್ಲ ಅಕ್ಕನ ಹತ್ತಿರ ಕಳಿಸುತ್ತಿದ್ದ. ಅವಳು ಶೆಡ್ಡಿನ ಇಬ್ಬರು ಹೆಂಗಸರನ್ನು ಜೊತೆಗೆ ಹಾಕಿಕೊಂಡು, ಮಧ್ಯಾಹ್ನದ ಮೇಲೆ ಸಿಪ್ಪೆಯ ಕೆಲಸ ಹಿಡಿದಳು. ಮುಚ್ಚಳ ತೆಗೆಯುವಾಗ ಕೈಗವಸು ಹಾಕದವರಿಗೆ ಅವಳಿಂದ ಬೀಳುತ್ತಿದ್ದ ಬೈಗುಳ ಮೂರು ಮನೆಗೆ ಕೇಳಿಸುತ್ತಿತ್ತು.

ಒಂದು ದಿನ ತಮ್ಮ ಬಂದು, ನಿನಗೊಂದು ಶಾಲಿಗೆ ನೂಲು ಎತ್ತಿಟ್ಟಿದ್ದೇನೆ, ಯಾವ ಬಣ್ಣ ಹಾಕಲಿ ಎಂದು ಕೇಳಿದ. ಕಡುನೀಲಿ ಒಪ್ಪುತ್ತದೆ ಎಂದೂ ಸೇರಿಸಿದ.

"ಬೇಡ. ಅದರ ನೀರು ತಿಳಿಯಾಗಲ್ಲ."

"ಒಂದು ಶಾಲಿಗೆ ಎಷ್ಟು ನೀರಾಗುತ್ತೆ ಅಕ್ಕ?"

"ಹಳದಿ ಹಾಕು."

"ನಿಂಗೆ ಹಳದಿ ಒಪ್ಪಲ್ಲ."

"ನಂಗೆ ಒಪ್ಪದಿದ್ರೆ ಬಿಡಲಿ" ಎಂದಳು.

ಅವನು ಒಂದು ವಾರ ಕಾಣಿಸಲಿಲ್ಲ. ಆಮೇಲೆ ನೇಯಿಸಿ, ಕಾಗದದಲ್ಲಿ ಸುತ್ತಿಕೊಂಡು ತಂದ ಶಾಲು ಹಳದಿಯೂ ಅಲ್ಲ, ನೀಲಿಯೂ ಅಲ್ಲ, ಹದವಾಗಿ ಸುಟ್ಟ ಇಟ್ಟಿಗೆಯಂಥ ಕೆಂಪು. ಇದರ ನೀರನ್ನು ನಾನೇ ತಿಳಿಯಾಗಿಸಿದ್ದೇನೆ, ಒಂದು ಹನಿಯೂ ಹೆಚ್ಚು ಸುರಿದಿಲ್ಲ, ಬೇಕಾದರೆ ಮಗಳನ್ನು ಕೇಳು ಎಂದ.

ಚಳಿಯಿದ್ದ ಒಂದು ಬೆಳಿಗ್ಗೆ ಅವಳು ಅದನ್ನು ಹೊದ್ದು ಶೆಡ್ಡಿಗೆ ಹೋದಳು. ಸುಲಿಯುವವರೆಲ್ಲ ಕೈ ನಿಲ್ಲಿಸಿ ನೋಡಿದರು. ಒಬ್ಬಳು ಒದ್ದೆ ಕೈಯನ್ನು ಒರೆಸಿಕೊಂಡು ಬಂದು ಅಂಚು ಮುಟ್ಟಿ, ಯಾವ ಅಂಗಡಿಯದು ದೊಡ್ಡಕ್ಕ, ಹೇಳು, ನಾವೂ ಹೋಗುತ್ತೇವೆ ಎಂದಳು. ದೊಡ್ಡಕ್ಕ ಶಾಲನ್ನು ನೀರು ಸಿಡಿಯದ ಹಾಗೆ ಮೇಲಿನ ಮೊಳೆಗೆ ನೇತುಹಾಕಿ, ತನ್ನ ಮಣೆಯ ಮೇಲೆ ಕುಳಿತು, ಮೊದಲ ಸೀಗಡಿಯನ್ನು ಕೈಗೆತ್ತಿಕೊಂಡಳು.

"ಅಂಗಡಿಯದಲ್ಲ" ಎಂದಳು. "ನನ್ನ ತಮ್ಮ ಬಣ್ಣ ಹಾಕಿದ್ದು."

ನಿಂಗೆ ತಮ್ಮ ಇದ್ದಾನಾ ಎಂದು ಆ ಕಡೆಯಿಂದೊಬ್ಬಳು, ಈ ಕಡೆಯಿಂದೊಬ್ಬಳು ಕೇಳಿದರು. ಇದ್ದಾನೆ ಎಂದಳು ಅವಳು. ಕಾಲುವೆಯ ಮೇಲುಗಡೆ ಮನೆ, ಅಳತೆ ಗೊತ್ತಿಲ್ಲದ ಮನುಷ್ಯ, ಯಾವುದನ್ನು ಕೊಟ್ಟರೂ ಹೆಚ್ಚೇ ಸುರಿಯುತ್ತಾನೆ ಎಂದು ಶುರುಮಾಡಿದವಳು, ಬುಟ್ಟಿ ಖಾಲಿಯಾಗುವವರೆಗೂ ಅವನ ಮಾತನ್ನೇ ಆಡಿದಳು.